ಗಡಿ ದಾಟಿ ಬಂದ ಉಣ್ಣೆಹಾಸು

ನಾನು ಒಂದು ಉಣ್ಣೆಯ ಹಾಸು. ನೆಯ್ದದ್ದಲ್ಲ, ಮಿದ್ದದ್ದು. ನನ್ನ ಮೈಯಲ್ಲಿ ನೂಲಿಲ್ಲ, ಮಗ್ಗ ಹೇಗಿರುತ್ತದೆಂದು ನಾನು ನೋಡಿಲ್ಲ. ಕುರಿಯ ಉಣ್ಣೆಯನ್ನು ಕೋಲಿನಿಂದ ಬಡಿದು, ನೆಲದಲ್ಲಿ ಹರವಿ, ಬಿಸಿನೀರು ಚಿಮುಕಿಸಿ, ಸುರುಳಿ ಸುತ್ತಿ, ಹೆಂಗಸರು ಸಾಲಾಗಿ ಮೊಣಕಾಲೂರಿ ಮುಂಗೈಯಿಂದ ಒತ್ತಿ ಒತ್ತಿ ಹೊರಳಿಸುತ್ತಾರೆ. ಹಾಗೆ ಒಂದು ಹಗಲು ಪೂರ್ತಿ ಹೊರಳಿಸಿದರೆ ಒಂದೊಂದು ಎಳೆಯೂ ಪಕ್ಕದ ಎಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಜಕ್ ಜನ ಅದನ್ನು ತೆಕೆಮೆತ್ ಅನ್ನುತ್ತಾರೆ. ಓದು ಬರಹ ನನಗೆ ಬಾರದು. ಕಾಲುಗಳನ್ನು, ಮೊಣಕಾಲುಗಳನ್ನು, ಕೂತವರ ಭಾರವನ್ನು ನೋಡಿಯೇ ನಾನು ಲೋಕವನ್ನು ತಿಳಿದದ್ದು.

ನಾನು ಹುಟ್ಟಿದ್ದು ಮಂಗೋಲಿಯಾದ ಪಶ್ಚಿಮದ ತುದಿಯಲ್ಲಿ, ಆಲ್ತಾಯ್ ಬೆಟ್ಟಗಳ ಬುಡದಲ್ಲಿ. ಅಲ್ಲಿಯ ಕಜಕರು ಅಜ್ಜಂದಿರ ಕಾಲದಲ್ಲಿ ಕುರಿಗಳ ಹಿಂದೆ ಬೆಟ್ಟ ದಾಟಿ ಬಂದು ನೆಲೆ ನಿಂತವರು. ಆ ಶರತ್ಕಾಲದಲ್ಲಿ ಒಂಬತ್ತು ಜನ ಹೆಂಗಸರು ನನ್ನನ್ನು ಮಿದ್ದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಉಲ್ಮೆಕೆನ್, ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ನನ್ನ ಮೇಲಿನ ಟಗರುಕೊಂಬಿನ ಚಿತ್ತಾರ ಅವಳದು. ಕಪ್ಪು ಉಣ್ಣೆ, ಕೆಂಪು ಬಣ್ಣ ಹಾಕಿದ ಉಣ್ಣೆ ಎರಡನ್ನೂ ಬೆರಳಲ್ಲಿ ಹೊಸೆದು ಕೊಂಬಿನ ಹಾಗೆ ಬಾಗಿಸಿ ಇಟ್ಟಳು.

ಅಲ್ಲಿ ನಲವತ್ತೆರಡು ವರ್ಷ ಉಣ್ಣೆಯ ಗುಡಾರದೊಳಗೆ ನೆಲಕ್ಕೆ ಬಿದ್ದುಕೊಂಡಿದ್ದೆ. ಉಲ್ಮೆಕೆನಳ ಮಗ ತಿಲೆಗೆನ್ ನನ್ನ ಮೇಲೆಯೇ ಅಂಬೆಗಾಲಿಟ್ಟ, ನನ್ನ ಮೇಲೆಯೇ ಕೂತು ಕುದುರೆ ಲಗಾಮು ಹೆಣೆಯಲು ಕಲಿತ. ಅವನ ಹೆಂಡತಿಯಾಗಿ ಹನಿಪಾ ಬಂದ ದಿನ ಅವಳ ಪಾದ ನಡುಗಿದ್ದು ನನಗೆ ಗೊತ್ತು. ಹೊರಗಿನವರಿಗೆ ಅದು ಕಾಣಲಿಲ್ಲ. ಅವಳ ನಡುಕವೆಲ್ಲ ಕಾಲಿಗೇ ಸೀಮಿತ. ಮುಖಕ್ಕೆ ಏರಗೊಡುವ ಹೆಂಗಸಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಕೆಟ್ಲಿಯ ಮುಂದೆ ಇಪ್ಪತ್ತೆರಡು ವರ್ಷ ಉಪ್ಪು ಹಾಕಿದ ಹಾಲಿನ ಚಹಾ ಕುಡಿದರು. ಜಗಳವೂ ಆಡಿದರು. ಆದರೆ ಒಬ್ಬಳ ಬಟ್ಟಲು ಖಾಲಿಯಾದರೆ ಇನ್ನೊಬ್ಬಳ ಕೈ ತಾನಾಗಿ ಚಾಚುತ್ತಿತ್ತು.

ಉಲ್ಮೆಕೆನಳಿಗೆ ಒಂದೇ ಹುಚ್ಚು, ಕಜಕಸ್ತಾನ. ತಾನು ಕಣ್ಣಲ್ಲಿ ಕಾಣದ ಆ ನೆಲದ ಬಗ್ಗೆ ಮೊನ್ನೆ ತಾನೇ ಹೋಗಿಬಂದವಳ ಹಾಗೆ ಮಾತಾಡುತ್ತಿದ್ದಳು.

"ಅಲ್ಲಿ ನಾಯಿ ಕೂಡ ಕಜಕ್ ಮಾತಲ್ಲೇ ಬೊಗಳ್ತದೆ ಕಣೇ," ಅನ್ನುತ್ತಿದ್ದಳು ಸೊಸೆಗೆ.

"ಕಚ್ಚೋವಾಗ ಯಾವ ಭಾಷೇಲಿ ಕಚ್ತದೆ, ಅಪಾ?" ಅಂತ ಹನಿಪಾ. ಅಪಾ ಅಂದರೆ ದೊಡ್ಡವಳು, ಅಮ್ಮ.

ಸೋವಿಯತ್ ದೇಶ ಒಡೆದು ಕಜಕಸ್ತಾನ ಬೇರೆ ದೇಶವಾಯಿತು. ಹೊರಗಿರುವ ಕಜಕರು ಬರಬಹುದು ಎಂಬ ಸುದ್ದಿ ಹಬ್ಬಿತು. ಮರುವರ್ಷ ಬೇಸಿಗೆಯಲ್ಲಿ ತಿಲೆಗೆನ್ ಕುರಿ ಮಾರಿದ, ಕುದುರೆ ಮಾರಿದ, ಲಾರಿ ಹಿಡಿದ. ಅವನ ಮಗಳು ಮಾತ್ರ ಗಂಡನ ಮನೆ ಬಿಟ್ಟು ಬರಲಾರದೆ ಅಲ್ಲೇ ಉಳಿದಳು. ನನ್ನನ್ನು ಸುತ್ತಿ ಹಗ್ಗ ಬಿಗಿದು ಪೆಟ್ಟಿಗೆಗಳ ಮೇಲೆ ಕಟ್ಟಿದರು. ನನ್ನ ಪಕ್ಕದಲ್ಲಿ ಜೊಂಡಿನ ಚಾಪೆ ಇತ್ತು. ಹಾಸು ಮಿದಿಯುವಾಗ ಅಡಿಗೆ ಹಾಕುವ ಚಾಪೆ ಅದು, ನನ್ನ ಸೂಲಗಿತ್ತಿಯೆಂದೇ ಹೇಳಬೇಕು. ಮೂರನೆಯ ದಿನ ಹೊಳೆ ದಾಟುವಾಗ ಚಕ್ರಗಳು ಕೆಸರಲ್ಲಿ ಹೂತವು. ಚಾಲಕ ಚಾಪೆಯನ್ನೆಳೆದು ಚಕ್ರದಡಿಗೆ ತಳ್ಳಿದ. ಲಾರಿ ಮೇಲೆ ಬಂತು, ಚಾಪೆ ಅಲ್ಲೇ ನುಚ್ಚಾಯಿತು.

ನಮಗೆ ಸಿಕ್ಕ ಊರು ಉತ್ತರದ ಬಯಲಲ್ಲಿ, ಹಿಂದೆ ಸರ್ಕಾರಿ ಕೃಷಿಕ್ಷೇತ್ರವಾಗಿದ್ದ ಜಾಗ. ಮನೆ ಜರ್ಮನ್ ಕುಟುಂಬ ಒಂದರದ್ದಂತೆ. ಅವರೂ ತಮ್ಮ ಪೂರ್ವಜರ ದೇಶಕ್ಕೆ ಹೊರಟುಹೋಗಿದ್ದರು. ಹಲಗೆಯ ನೆಲ, ಅದಕ್ಕೆ ಕಂದು ಬಣ್ಣ. ನನ್ನ ಬೆನ್ನು ಆವರೆಗೆ ಮಣ್ಣನ್ನು ಬಿಟ್ಟು ಬೇರೆಯದನ್ನು ಮುಟ್ಟಿರಲಿಲ್ಲ. ಆ ಬಣ್ಣದ ಹಲಗೆ ದಿನವೂ ಉಜ್ಜಿ ಉಜ್ಜಿ ನನ್ನ ಹಿಂಬದಿಯ ಎಳೆಗಳನ್ನು ಎಬ್ಬಿಸಿಬಿಟ್ಟಿತು.

ಅಲ್ಲಿ ನಮ್ಮನ್ನು ಕಜಕರು ಬಂದರು ಅನ್ನಲಿಲ್ಲ. ಮಂಗೋಲರು ಬಂದರು ಅಂದರು. ಮಂಗೋಲಿಯಾದಲ್ಲಿ ಇರುವವರೆಗೂ ನಾವು ಕಜಕರಾಗಿದ್ದೆವು! ಊರಿನ ಕಜಕರು ಕಚೇರಿಯಲ್ಲಿ, ಅಂಗಡಿಯಲ್ಲಿ, ಎಷ್ಟೋ ಮನೆಗಳಲ್ಲೂ ರಷ್ಯನ್ ಮಾತಾಡುತ್ತಿದ್ದರು. ನಾಯಿಗಳನ್ನು ಗದರುವುದೂ ರಷ್ಯನ್ನಲ್ಲೇ. ಅದನ್ನು ಕೇಳಿ ಸೊಸೆ ತಮಾಷೆ ಮಾಡಲಿಲ್ಲ. ಇನ್ನೂರು ಕುರಿಗಳ ಹಿಂದೆ ಕುದುರೆ ಓಡಿಸಿದ್ದ ತಿಲೆಗೆನ್ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ. ಸಂಜೆ ಅವನ ಕಾಲ್ಚೀಲ ಕಪ್ಪಗಿರುತ್ತಿತ್ತು. ನನ್ನನ್ನು ಮುಟ್ಟುವ ಮೊದಲು ಅವನು ಅದನ್ನು ಬಿಚ್ಚುತ್ತಿದ್ದ.

ಮೊದಲ ಚಳಿಗಾಲದಲ್ಲೇ, ಮಾಘದ ಕೊರೆತದಂಥ ಒಂದು ಬೆಳಗ್ಗೆ, ಉಲ್ಮೆಕೆನ್ ಏಳಲಿಲ್ಲ.

ನಮ್ಮ ಕಡೆ ಸಾವಿಗೆ ಕರೆಯುವ ಪದ್ಧತಿಯಿಲ್ಲ. ಒಬ್ಬ ಸವಾರ ಹೊರಟರೆ ಸಾಕು, ಸುದ್ದಿ ಕಿವಿಗೆ ಬಿದ್ದವರೆಲ್ಲ ಬರುತ್ತಾರೆ. ಹನಿಪಾ ಬಾಗಿಲು ತೆರೆದಿಟ್ಟಳು, ಕೆಟ್ಲಿ ಇಟ್ಟಳು, ಗೋಡೆಗೆ ಮುಖ ಮಾಡಿ ಕೂತು ಸತ್ತವಳ ಹಿರಿಯರನ್ನು ನೆನೆದು ಹಾಡಿ ಅತ್ತಳು. ಸೊಸೆ ಹಾಗೆ ಹಾಡಿ ಅಳಬೇಕು. ಬಾಗಿಲಿನಿಂದ ಹಿಮ ಒಳಗೆ ಬಂತು, ಜನ ಬರಲಿಲ್ಲ. ಬಾಯ್ಲರ್ ಮನೆಯ ನಾಲ್ವರು ಬಂದರು, ಒಬ್ಬ ಮುಲ್ಲಾ ಬಂದ. ಕಫನ್ ಬಟ್ಟೆ ಹೊದಿಸಿದ ದೇಹವನ್ನು ನನ್ನಲ್ಲಿ ಸುತ್ತಿ ಹೊತ್ತರು. ಅಷ್ಟು ವರ್ಷ ಅವಳು ನನ್ನ ಮೇಲೆ ಕೂತವಳು, ಆ ದಿನ ನನ್ನೊಳಗೆ ಇದ್ದಳು. ಎಷ್ಟು ಹಗುರವಾಗಿದ್ದಳು! ನೆಲ ಕಲ್ಲಾಗಿತ್ತು, ಹಾರೆ ಕಿಡಿ ಹಾರಿಸುತ್ತಿತ್ತು. ದೇಹವನ್ನು ಇಳಿಸಿದ ಮೇಲೆ ಹಾಸನ್ನು ಗುಣಿ ತೋಡಿದವರಿಗೆ ಕೊಡುವುದು ವಾಡಿಕೆ. ತಿಲೆಗೆನ್ ಎರಡೂ ಕೈಯಲ್ಲಿ ನೀಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿ, ಬೇಡ, ಮನೆಯಲ್ಲಿ ರತ್ನಗಂಬಳಿ ಇದೆ ಅಂದರು. ನಾನು ಹಿಂದಿರುಗಿ ಬಂದೆ.

ಮೂರನೆಯ ದಿನ ಪಕ್ಕದ ಮನೆಯ ರಯ್ಸಾ ಬಂದಳು. ಊರ ಕಚೇರಿಯ ಗುಮಾಸ್ತೆ ಅವಳು, ಕೈಯಲ್ಲಿ ಜನನ ಮರಣದ ರಿಜಿಸ್ಟರು. ಬೂಟು ಬಿಚ್ಚದೆ ನೇರ ನನ್ನ ಮೇಲೆ ನಿಂತಳು.

"ಸತ್ತವರ ಹೆಸರು?"

ಹನಿಪಾ ನೆಲ ನೋಡಿದಳು.

"ಹೆಸರಮ್ಮಾ, ಹೆಸರು. ನಿಮ್ಮತ್ತೇದು."

"ಅಪಾ."

"ಅಪಾ ಅಂತ ಬರೆಯೋಕಾಗ್ತದಾ? ಊರ ತುಂಬ ಅಪಾಗಳೇ. ಇಷ್ಟು ವರ್ಷ ಜೊತೇಲಿದ್ದು ಹೆಸರು ಗೊತ್ತಿಲ್ವಾ?"

"ಗೊತ್ತು. ನಾನು ಸೊಸೆ, ಬಾಯಲ್ಲಿ ಹೇಳಬಾರದು. ಅವರ ಮಗ ಬರ್ತಾರೆ, ಅವರು ಹೇಳ್ತಾರೆ."

"ಯಾವ ಕಾಲದಲ್ಲಿದ್ದೀಯಮ್ಮಾ ನೀನು? ನಮ್ಮತ್ತೆ ಹೆಸರು ಜಿಲಿಖಾ. ದಿನಕ್ಕೆ ಹತ್ತು ಸಲ ಹೇಳ್ತೀನಿ. ಇನ್ನೂ ಗಟ್ಟಿಮುಟ್ಟಾಗವಳೆ, ನನ್ನನ್ನೇ ಹೂತು ಹೋಗ್ತಾಳೆ."

ಆದರೂ ಅವಳು ಹೋಗಲಿಲ್ಲ. ತಿಲೆಗೆನ್ ಬರುವವರೆಗೆ ಅರ್ಧ ಗಂಟೆ ಕಾದಳು. ಹನಿಪಾ ಕೊಟ್ಟ ಚಹಾವನ್ನು ಒಂದು ಗುಟುಕು ಕುಡಿದು, ಉಪ್ಪು ನಾಲಿಗೆಗೆ ತಾಗಿ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

ಹಿಮ ಕರಗಿತು. ಒಂದು ಮಧ್ಯಾಹ್ನ ತಿಲೆಗೆನ್ ನನ್ನ ಮೇಲೆ ಕೂತು ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದ.

"ವಾಪಸ್ ಹೋಗೋಣ. ಮಗಳು ಅಲ್ಲಿದ್ದಾಳೆ. ಇಲ್ಲಿ ನಮ್ಮನ್ನ ಯಾರು ಕೇಳ್ತಾರೆ? ಕೈಗೆ ಸಿಕ್ಕಿದ್ದು ಒಂದು ಸಲಿಕೆ."

"ಅಪಾನ ಅಗೆದು ಲಾರಿಗೆ ಹಾಕ್ತೀರಾ?"

"ಸತ್ತವರಿಗೆ ಯಾವ ಊರಾದ್ರೇನು?"

"ಅವರು ಸಾಯೋಕೆ ಬಂದೋರಲ್ಲ, ಇರೋಕೆ ಬಂದೋರು. ಪರದೇಶೀನ ಹೂತ ಹಾಗೆ ಹೂತ್ರು. ಹಾಗೇ ಬಿಟ್ಟು ನಾನು ಬರಲ್ಲ." ಹನಿಪಾ ಮುಂದುವರಿಸಿದಳು, "ವರ್ಷದ ಊಟ ಹಾಕ್ತೀನಿ. ಚಳಿಗೆ ಕಾಯೋದು ಬೇಡ, ಮೊದಲ ಹಿಮಕ್ಕೆ ಮುಂಚೇನೇ ಹಾಕ್ತೀನಿ. ಊರು ಬಂದು ಕೂತು ಉಂಡರೆ ನಾವು ಇಲ್ಲಿಯವರು. ಬರದೇ ಹೋದರೆ ಲಾರಿಗೆ ನಾನೇ ಮೊದಲು ಹತ್ತುತೀನಿ. ಆಯ್ತಾ?"

"ಯಾರು ಬರ್ತಾರೆ? ಬಂದರೆ ಎಲ್ಲಿ ಕೂರಿಸ್ತೀಯ? ಇದೊಂದೇ ಹಾಸು."

"ಮಿದೀತೀನಿ."

"ಯಾರ ಜೊತೆ?"

ಹನಿಪಾ ಎದ್ದು ಪಾತ್ರೆ ತೊಳೆಯಲು ಹೋದಳು.

ಕುರಿಗಳ ಉಣ್ಣೆ ಕತ್ತರಿಸುವ ಕಾಲ ಬಂತು. ಆ ಊರಲ್ಲಿ ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸಿದ್ದನ್ನು ಊರಾಚೆಯ ಕಸದ ಹಳ್ಳಕ್ಕೆ ಸುರಿಯುತ್ತಾರೆ. ಇದನ್ನು ನನಗೆ ಹೇಳಿದ್ದು ಆ ಉಣ್ಣೆಯೇ, ಮೂಟೆಗಳಲ್ಲಿ ಬಂದು ನನ್ನ ಪಕ್ಕ ಬಿದ್ದಾಗ. ಹನಿಪಾ ದಿನವೂ ಹಳ್ಳಕ್ಕೆ ಹೋಗಿ ಹೊತ್ತು ತಂದಳು, ಮುಳ್ಳು ಹೆಕ್ಕಿದಳು, ಒಗೆದು ಬೇಲಿಯ ಮೇಲೆ ಒಣಹಾಕಿದಳು, ಬಡಿದಳು. ಹಾದಿಹೋಕರು ಮೂಗು ಮುಚ್ಚಿಕೊಂಡು ನಕ್ಕರು. ರಯ್ಸಾ ಬೇಲಿಯಾಚೆಯಿಂದ ಕೂಗಿದಳು, "ಏನಮ್ಮಾ ಹನಿಪಾ, ಕಸದ ಗುಂಡೀಲಿ ಬಂಗಾರ ಸಿಕ್ತಾ?"

"ಸಿಕ್ತು. ಇದು ನಿಮ್ಮ ಕುರೀದೇ. ಬೇಕಾದರೆ ತಗೊಳ್ಳಿ."

"ಅಯ್ಯೋ ಬೇಡ ತಾಯಿ! ಆ ವಾಸನೆಗೆ ನಮ್ಮತ್ತೆ ಊಟ ಬಿಟ್ಟವಳೆ."

"ಸುಳ್ಳು," ಅಂತು ಬೇಲಿಯಾಚೆಯ ಬೆಂಚಿನಿಂದ ಮುದಿ ದನಿಯೊಂದು. "ಬಿಟ್ಟಿದ್ದು ನಿನ್ನ ಸಾರಿನ ವಾಸನೆಗೆ."

ಅದು ಜಿಲಿಖಾ. ದಿನವಿಡೀ ಗೇಟಿನ ಬೆಂಚಿನ ಮೇಲೆ ಕೋಲು ಹಿಡಿದು ಕೂತಿರುತ್ತಿದ್ದಳು. ಉಣ್ಣೆ ಬಡಿಯುವ ಸದ್ದು ಶುರುವಾದರೆ ಅವಳ ಕೋಲೂ ನೆಲಕ್ಕೆ ಅದೇ ಲೆಕ್ಕದಲ್ಲಿ ಬಡಿಯುತ್ತಿತ್ತು.

ಬೇಸಿಗೆ ಕಳೆದು ಗಾಳಿ ಒಣಗಿದ ಒಂದು ಬೆಳಗ್ಗೆ ಹನಿಪಾ ಉಣ್ಣೆಯನ್ನೆಲ್ಲ ಗೇಟಿನ ಮುಂದಿನ ಓಣಿಗೆ ತಂದಳು. ಹಿತ್ತಲಲ್ಲೂ ಮಿದಿಯಬಹುದಿತ್ತು. ಊರು ನೋಡಲಿ ಎಂದೇ ಓಣಿಗೆ ತಂದದ್ದು. ಚಾಪೆ ಇಲ್ಲ. ಒಳಗೆ ಬಂದು ನನ್ನ ಮುಂದೆ ನಿಂತಳು. ಮಂಗೋಲರು ಹಳೆಯ ಹಾಸನ್ನೇ ಅಡಿಗೆ ಹಾಕಿ ಅದರ ಮೇಲೆ ಹೊಸದನ್ನು ಮಿದಿಯುತ್ತಾರೆ. ಹಳೆಯದಕ್ಕೆ ತಾಯಿ ಅನ್ನುತ್ತಾರೆ, ಹೊಸದಕ್ಕೆ ಮಗಳು. ಅಲ್ಲಿ ನೆರೆಮನೆಯವರು ಮಾಡುವುದನ್ನು ಅವಳು ನೋಡಿದ್ದಳು, ತಾನು ಮಾಡಿರಲಿಲ್ಲ.

"ಅದು ಅಮ್ಮನ ಕೈಯದು!" ಅಂದ ತಿಲೆಗೆನ್.

"ಅದಕ್ಕೇ," ಅಂದಳು.

ಓಣಿಯಲ್ಲಿ ನನ್ನನ್ನು ಬಿಡಿಸಿ, ಅತ್ತೆಯ ಚಿತ್ತಾರ ಕೆಡಬಾರದೆಂದು ಮಗುಚಿ ಹಾಕಿದಳು. ಚಿತ್ತಾರ ಮಣ್ಣಿಗೆ, ಬೆನ್ನು ಮೇಲಕ್ಕೆ. ಅವಳ ತಪ್ಪು ಅದೊಂದೇ, ಅದೂ ಮರ್ಯಾದೆಯಿಂದ ಆದ ತಪ್ಪು. ಹಲಗೆ ಉಜ್ಜಿ ಎಬ್ಬಿಸಿದ ನನ್ನ ಬೆನ್ನಿನ ಎಳೆಗಳು ಹೊಸ ಎಳೆಗಳಿಗಾಗಿ ಎಷ್ಟು ಹಸಿದಿದ್ದವು ಎಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ?

ಉಣ್ಣೆ ಹರವಿ, ಬಿಸಿನೀರು ಚಿಮುಕಿಸಿ, ನಮ್ಮಿಬ್ಬರನ್ನೂ ಒಂದು ಕಂಬಕ್ಕೆ ಸುತ್ತಿ ಹಗ್ಗ ಕಟ್ಟಿದರು. ಗಂಡ ಹೆಂಡತಿ ಓಣಿಯುದ್ದಕ್ಕೂ ಎಳೆದು ಹೊರಳಿಸಿದರು. ಆಮೇಲೆ ಮುಂಗೈಯ ಕೆಲಸ. ಅದು ಇಬ್ಬರದ್ದಲ್ಲ. ಒಂದು ಕೊನೆ ಒತ್ತಿದರೆ ಇನ್ನೊಂದು ಕೊನೆ ಸಡಿಲ. ಒಮ್ಮೆ ನೀರು ಬಿದ್ದ ಮೇಲೆ ನಿಲ್ಲಿಸುವಂತಿಲ್ಲ, ನೀರು ತಣ್ಣಗಾದರೆ ಉಣ್ಣೆ ಹಿಡಿಯುವುದಿಲ್ಲ, ಇಡೀ ಬೇಸಿಗೆಯ ದುಡಿಮೆ ಹಳ್ಳದ ಪಾಲು. ಹನಿಪಾಳ ಮುಂಗೈ ಚರ್ಮ ಸುಲಿದು ಕೆಂಪಾಯಿತು. ಅವಳು ಒತ್ತುತ್ತಲೇ ಇದ್ದಳು. ಹೆಂಗಸರು ಗೇಟುಗಳಲ್ಲಿ ನಿಂತು ನೋಡಿದರು.

"ನೀರು ಆರ್ತಾ ಅದೆ!" ಬೆಂಚಿನಿಂದ ಕಿರಿಚಿದಳು ಜಿಲಿಖಾ. "ನಡು ಉಬ್ಬಿದೆ, ನಡು ಒತ್ತು! ಥೂ, ಎರಡು ಕೈಲಿ ಹಾಸು ಮಿದಿಯೋಕೆ ಹೊರಟವಳೆ!" ಕೋಲೂರಿಕೊಂಡು ಬಂದೇಬಿಟ್ಟಳು. ಕೋಲನ್ನು ಬಿಸಾಡಿ, ನರಳುತ್ತ ಮೊಣಕಾಲೂರಿ, ತೋಳು ಮಡಚಿದಳು. ಎಂಬತ್ತರ ಆ ಮುಂಗೈ ಸುರುಳಿಯನ್ನು ಮುಟ್ಟಿತು. ಎಳವೆಯಲ್ಲಿ ಕಲಿತ ಕೈ ಎಂದು ನನಗೆ ಆ ಕ್ಷಣವೇ ತಿಳಿಯಿತು. "ರಯ್ಸಾ! ಕೆಟ್ಲಿ ತಾರೇ! ಅಲ್ಲೇ ನಿಂತು ಏನ್ ನೋಡ್ತೀಯ, ಮದುವೆ ದಿಬ್ಬಣಾನಾ?"

"ಕಚೇರಿ ಲಂಗದಲ್ಲಿದ್ದೀನಲ್ಲ," ಅಂದಳು ರಯ್ಸಾ. ಗೊಣಗುತ್ತ ಕೆಟ್ಲಿ ತಂದಳು, ಗೊಣಗುತ್ತಲೇ ಬೂಟು ಬಿಚ್ಚಿ ಹನಿಪಾಳ ಪಕ್ಕ ಮೊಣಕಾಲೂರಿದಳು. ಒಂದು ಗೇಟು ತೆರೆಯಿತು, ಇನ್ನೊಂದು ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ಸುರುಳಿಯ ಉದ್ದಕ್ಕೂ ಕೈಗಳು.

ಕೈ ಕೆಲಸದಲ್ಲಿರುವಾಗ ಬಾಯಿ ಸಲೀಸು. ಹನಿಪಾ ತಲೆಯೆತ್ತದೆ ಕೇಳಿದಳು, "ಚಳಿಗಾಲದಲ್ಲಿ ಯಾಕೆ ಬರಲಿಲ್ಲ ನೀವು? ಬಾಗಿಲು ತೆರೆದೇ ಇಟ್ಟಿದ್ದೆ."

"ನೀನು ಕರೀಲಿಲ್ಲವಲ್ಲೇ," ಅಂದಳು ಜಿಲಿಖಾ.

"ಸಾವಿಗೆ ಕರೀತಾರಾ?"

ಕೈಗಳು ಸುರುಳಿಯನ್ನು ಒಂದು ಸುತ್ತು ಹೊರಳಿಸಿದವು.

"ಇಲ್ಲಿ ಮನೆಮನೆಗೆ ಬಂದು ಹೇಳ್ತಾರೆ," ಅಂದಳು ರಯ್ಸಾ. "ಹೇಳದೇ ಹೋದರೆ ಮನೆಯೋರಿಗೆ ಬೇಡ ಅಂತ ಅರ್ಥ. ನೀವು ಹೇಳಿ ಕಳಿಸ್ತೀರಿ ಅಂತ ಸತ್ತವರ ಹೆಸರಲ್ಲಿ ರೊಟ್ಟಿ ಕರಿಯೋಕೆ ಹಿಟ್ಟು ಕಲಸಿಟ್ಟಿದ್ದೆ. ಹಾಡಿ ಅಳೋದು ಕೇಳಿಸ್ತಿತ್ತು. ಈಗ ಬರ್ತಾರೆ, ಆಗ ಬರ್ತಾರೆ ಅಂತ ಎರಡು ದಿನ ಕಾದೆ. ಮೂರನೇ ದಿನ ರಿಜಿಸ್ಟರ್ ಒಂದು ನೆಪ ಸಿಕ್ತು, ಬಂದೆ. ಒಳಗೆ ಬಂದ ಮೇಲೆ ಏನು ಮಾತಾಡಬೇಕು ಅಂತ ತಿಳೀಲಿಲ್ಲ."

ಹನಿಪಾ ತಲೆ ಬಗ್ಗಿಸಿ ಒತ್ತಿದಳು. ನನ್ನ ಮೇಲೆ ಬಿದ್ದ ನೀರಿನಲ್ಲಿ ಎರಡು ಹನಿ ಕೆಟ್ಲಿಯದಾಗಿರಲಿಲ್ಲ.

ಇಳಿಹೊತ್ತಿಗೆ ಸುರುಳಿ ಬಿಚ್ಚಿದರು. ಹೊಸ ಹಾಸು ಗಟ್ಟಿಯಾಗಿ, ದಪ್ಪವಾಗಿ ಬಂದಿತ್ತು. ಆದರೆ ಒಂದು ಬದಿಯಲ್ಲಿ ಎಳೆದರೂ ಬಿಡಲಿಲ್ಲ. ನನ್ನ ಬೆನ್ನು ಅದನ್ನು ಕಚ್ಚಿಕೊಂಡಿತ್ತು. ನನ್ನ ಮೂರನೇ ಒಂದು ಪಾಲು ಅದರ ಮೈಯೇ ಆಗಿಹೋಗಿತ್ತು. ಬಲವಾಗಿ ಕಿತ್ತರೆ ಹೊಸದು ಹರಿಯುತ್ತದೆ. ಬಿಡಿಸಬೇಕೆಂದರೆ ನನ್ನನ್ನು ಕೊಯ್ಯಬೇಕು. ತಿಲೆಗೆನ್ ಬಗ್ಗಿ ಟಗರುಕೊಂಬುಗಳ ಮೇಲೆ ಅಂಗೈಯಿಟ್ಟ. "ಅಮ್ಮನದು ಅಂತ ಉಳಿದಿರೋದು ಇದೊಂದೇ," ಅಂದ.

ಎಲ್ಲರೂ ಹನಿಪಾಳನ್ನು ನೋಡಿದರು. ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಅಪಾ ಹಾಸು ಮಿದ್ದದ್ದು ಜನ ಕೂರಲಿ ಅಂತ. ಮಡಚಿಡೋಕಲ್ಲ," ಅಂದಳು. "ಕತ್ತರಿ ಕೊಡಿ." ಜಿಲಿಖಾ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತರಿಸಿಕೊಟ್ಟಳು. ಒಂದು ತಡೆಯೂ ಇಲ್ಲದೆ ಹನಿಪಾ ಕೊಯ್ದಳು. ನೋಯಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಆ ಕೈ ನಡುಗಿದ್ದರೆ ಹೆಚ್ಚು ನೋಯುತ್ತಿತ್ತು.

ಮರುವಾರ ಅವಳು ಊರಿನ ಒಂದೊಂದು ಬಾಗಿಲಿಗೂ ಹೋಗಿ ಕರೆದಳು. ಬರೀ ರಷ್ಯನ್ ಆಡುವ ಮನೆಗಳಲ್ಲಿ ಕೈ ಸನ್ನೆಯಲ್ಲಿ ಕರೆದಳು. ಊಟದ ದಿನ ನನ್ನ ಉಳಿದ ಭಾಗ ಬಾಗಿಲ ಬಳಿ, ಬೂಟು ಬಿಡುವ ಜಾಗದಲ್ಲಿತ್ತು. ತಿಲೆಗೆನ್ ಬಂದವರ ಕೈಗೆ ನೀರು ಹಾಕಲು ಹೂಜಿ ಹಿಡಿದು ನಿಂತಿದ್ದ. ಬಹಳ ಹೊತ್ತು ಅವನ ಕಾಲು ಒಂದೇ ಕಡೆ ನಿಂತಿತ್ತು. ಆಮೇಲೆ ಒಂದು ಜೊತೆ ಬೂಟು ಬಂತು. ಆಮೇಲೆ ನಾಲ್ಕು. ಆಮೇಲೆ ನನಗೆ ಎಣಿಸಲಾಗಲಿಲ್ಲ, ಬೂಟಿನ ಮೇಲೆ ಬೂಟು ಬಿದ್ದವು. ನೆಲದಲ್ಲಿ ಕೂರುವುದು ಮರೆತ ಕೆಲವರು ಮನೆಯಿಂದ ಸ್ಟೂಲು ಹೊತ್ತು ತಂದಿದ್ದರು. ಜಿಲಿಖಾ ಅವರನ್ನು ಕೋಲಿನಿಂದ ತಿವಿದು ಕೆಳಗೆ ಕೂರಿಸಿದಳು. ಮುಲ್ಲಾ ಓದಿದ, ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ತಿಲೆಗೆನ್‌ನ ಹೂಜಿ ಮೂರು ಸಲ ಖಾಲಿಯಾಯಿತು.

ಮರುದಿನ ಬೆಳಗ್ಗೆ ಅವನು ಗೇಟಿಗೆ ಲಾರಿ ತಂದು ನಿಲ್ಲಿಸಿದ. ಪಾತ್ರೆ ತೊಳೆಯುತ್ತಿದ್ದ ಹನಿಪಾಳ ಕೈ ನಿಂತುಹೋಯಿತು. ಅವಳು ಹೊರಗೆ ಬಂದು ನೋಡಿದಳು. ಲಾರಿಯ ತುಂಬ ಕಲ್ಲಿದ್ದಲು, ಇಡೀ ಚಳಿಗಾಲಕ್ಕಾಗುವಷ್ಟು.

"ಎಲ್ಲಿ ಸುರಿಯಲಿ?" ಅಂದ.

"ಕೊಟ್ಟಿಗೆ ಪಕ್ಕ," ಅಂದು ಒಳಗೆ ಹೋದಳು.

ಈಗ ಬಹಳ ವರ್ಷಗಳಾಗಿವೆ. ಜಿಲಿಖಾ ಹೋದಳು. ಅವಳನ್ನು ಹೊತ್ತದ್ದು ಆ ಹೊಸ ಹಾಸು, ಗುಣಿ ತೋಡಿದವರು ಅದನ್ನು ಒಯ್ದಾಗ ಅದರ ಬೆನ್ನಿನಲ್ಲಿದ್ದ ನನ್ನ ಭಾಗವೂ ಜೊತೆಗೆ ಹೋಯಿತು. ಅಂಚು ಸವೆದು ಸವೆದು ನಾನು ನಮಾಜಿನ ಚಾಪೆಯಷ್ಟು ಉಳಿದಿದ್ದೇನೆ. ಒಂದೂವರೆ ಕೊಂಬು, ಬಣ್ಣವೆಲ್ಲ ಮಾಸಿದೆ. ಗೇಟಿನ ಬೆಂಚಿನ ಮೇಲೆ ನನ್ನನ್ನು ಹಾಸಿ ಹನಿಪಾ ಕೂರುತ್ತಾಳೆ. ಅವಳಿಗೂ ವಯಸ್ಸಾಯಿತು. ಚಹಾಕ್ಕೆ ಇನ್ನೂ ಉಪ್ಪು ಹಾಕುತ್ತಾಳೆ, ರಯ್ಸಾಳ ಬಟ್ಟಲಿಗೆ ಮಾತ್ರ ಸಕ್ಕರೆ.

ಮೊನ್ನೆ ಓಣಿಯ ಕೊನೆಯ ಖಾಲಿ ಮನೆಗೆ ಹೊಸ ಕುಟುಂಬ ಬಂತು. ಚೀನಾ ಕಡೆಯಿಂದ ಬಂದ ಕಜಕರಂತೆ. ಆ ಮನೆಯ ಹೆಂಗಸು ಇಲ್ಲಿಯ ಲಿಪಿಯ ಅಂಗಡಿ ಬೋರ್ಡು ಓದಲಾಗದೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದಳು. ನಮ್ಮ ಗೇಟಿನ ಮುಂದೆ ಅವಳ ನಡಿಗೆ ನಿಧಾನವಾಯಿತು. ಹನಿಪಾ ಒಂದಿಷ್ಟು ಸರಿದು, ನನ್ನ ಖಾಲಿ ಅರ್ಧದ ಮೇಲೆ ಅಂಗೈಯಿಂದ ತಟ್ಟಿ, "ಬಾರಮ್ಮ, ಕೂತ್ಕೋ," ಅಂದಳು.

ಹೆಂಗಸು ಕೂತಳು, ಅಂಚಿನಲ್ಲಿ, ಈಗಲೇ ಎದ್ದುಬಿಡುವವಳ ಹಾಗೆ. ಕಾಲಿನ ಬಲದಲ್ಲೇ ಕೂತಿದ್ದಳು, ನನ್ನ ಮೇಲೆ ಭಾರ ಹಾಕಿರಲಿಲ್ಲ. ಹನಿಪಾ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಂದೆಲ್ಲ ಹೇಳುತ್ತ ಹೋದಳು. ಒಂದೆರಡು ಮಾತಿಗೆ ಆ ಹೆಂಗಸು ಬರಿದೆ ತಲೆಯಾಡಿಸಿದಳು. ಮೂರನೆಯದಕ್ಕೆ ತಾನೂ ಏನೋ ಕೇಳಿದಳು. ಹೊತ್ತು ಸರಿದ ಹಾಗೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜರುಗಿ ಕೊನೆಗೆ ತನ್ನ ಪೂರ್ತಿ ಭಾರವನ್ನು ನನ್ನ ಮೇಲೆ ಬಿಟ್ಟಳು.